ಗೆರೆಯಿಲ್ಲದ ಚೌಕ

ನಾನು ಮೂವತ್ತೊಂದು ವರ್ಷ ದುಡಿದ ಗಾಲಿಕುರ್ಚಿ ಕಾರ್ಖಾನೆಗೆ ಈ ವರ್ಷ ಐವತ್ತು ತುಂಬಿತು. ಆ ನೆಪದಲ್ಲಿ ಒಂದು ಸ್ಮರಣ ಸಂಚಿಕೆ ಹೊರಬಂದಿದೆ. ಕಾಗದ ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ. ನಲವತ್ತೆರಡನೆಯ ಪುಟದಲ್ಲಿ ಸಂಸ್ಥೆಯ ಹಳೆಯ ಆಡಳಿತ ನಕ್ಷೆಯನ್ನು ಮುದ್ರಿಸಿದ್ದಾರೆ. ಯಾರ ಮೇಲೆ ಯಾರು, ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಚೌಕಗಳಲ್ಲಿ ಬರೆದು ಗೆರೆಗಳಿಂದ ಜೋಡಿಸಿ ತೋರಿಸುವ ನಕ್ಷೆ ಅದು. ಅದರ ಬಲ ಅಂಚಿನಲ್ಲಿ ‘ಕುಳಿತು ಪರೀಕ್ಷಿಸುವವರು’ ಎಂಬ ಸಣ್ಣ ಚೌಕವಿದೆ. ಆ ಚೌಕದಿಂದ ಒಂದು ಗೆರೆ ಹೊರಟು ಗುಣಮಟ್ಟ ಅಧಿಕಾರಿಯ ಚೌಕವನ್ನು ಸೇರಿದೆ.

ಆ ಗೆರೆ ಸುಳ್ಳು. ಮೂಲ ನಕ್ಷೆಯನ್ನು ಸಿಬ್ಬಂದಿ ಶಾಖೆಯ ಹಿರಿಯ ಗುಮಾಸ್ತನಾಗಿದ್ದ ನಾನೇ ನನ್ನ ಕೈಯಾರೆ ಕಪ್ಪು ಶಾಯಿಯಲ್ಲಿ ಬರೆದದ್ದು. ಅದರಲ್ಲಿ ಆ ಗೆರೆ ಇರಲಿಲ್ಲ. ಸಂಚಿಕೆಯ ಸಂಪಾದಕ ಮಂಡಳಿಗೆ ಪತ್ರ ಬರೆದೆ. ‘ಹಳೆಯ ನಕ್ಷೆಯಲ್ಲಿ ಕಣ್ತಪ್ಪಿನಿಂದ ಗೆರೆಯೊಂದು ಬಿಟ್ಟುಹೋಗಿತ್ತು. ನಮ್ಮ ಕಲಾವಿದರು ಅದನ್ನು ಸರಿಪಡಿಸಿದ್ದಾರೆ’ ಎಂಬ ಉತ್ತರ ಬಂತು. ಕಣ್ತಪ್ಪಿನ ಮಾತೇ ಇಲ್ಲಿಲ್ಲ. ಆ ಗೆರೆ ಇರಕೂಡದೆಂದು ಒಬ್ಬ ಹೆಂಗಸು ತನ್ನ ಇಪ್ಪತ್ತೆರಡು ವರ್ಷದ ನೌಕರಿಯನ್ನೇ ಪಣಕ್ಕಿಟ್ಟಿದ್ದಳು. ಅವಳ ವಿಷಯವನ್ನು ನನಗೆ ಗೊತ್ತಿರುವಷ್ಟು, ಗೊತ್ತಿರುವ ಹಾಗೆ ಇಲ್ಲಿ ಬರೆದಿಡುತ್ತಿದ್ದೇನೆ.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಸವಾರಿಯಕ್ಕ ಎಂದು. ಅವಳು ಮೊದಲು ಬಂದದ್ದು ಕೆಲಸ ಕೇಳಿಕೊಂಡಲ್ಲ, ಜಗಳ ತೆಗೆದುಕೊಂಡು. ಕಾರ್ಖಾನೆಗೆ ಆಗ ಒಂಬತ್ತನೆಯ ವರ್ಷ, ಅವಳಿಗೆ ಇಪ್ಪತ್ತಾರು. ತನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿಯನ್ನು ನಮ್ಮದೇ ಗಾಲಿಕುರ್ಚಿಯಲ್ಲಿ ಕೂರಿಸಿ, ಬಸ್ ನಿಲ್ದಾಣದಿಂದ ತಳ್ಳಿಕೊಂಡು, ಕಾವಲುಗಾರ ತಡೆಯುವಷ್ಟರಲ್ಲಿ ಮುಂಭಾಗದ ಕಚೇರಿಯೊಳಗೇ ಬಂದುಬಿಟ್ಟಿದ್ದಳು. ನಾನು ಕಿಟಕಿಯ ಪಕ್ಕದ ಮೇಜಿನಲ್ಲಿದ್ದೆ. ತಂಗಿಯ ಬಲ ಮುಂಗೈಗೆ ಪಟ್ಟು ಹಾಕಿತ್ತು.

‘ಈ ಕುರ್ಚಿ ಮಾಡಿದೋರು ಯಾರು?’ ಎಂದಳು.

‘ಒಬ್ಬರು ಮಾಡೋದಲ್ಲಮ್ಮ ಇದು. ಮೂವತ್ತು ಜನ ಸೇರಿ ಮಾಡ್ತಾರೆ’ ಎಂದ ಕಾವಲುಗಾರ.

‘ಸರಿ, ಮೂವತ್ತು ಜನರನ್ನೂ ಕರೀರಿ. ನಾನು ಕಾಯ್ತೀನಿ.’

ಸದ್ದು ಕೇಳಿ ದೊಡ್ಡ ಯಜಮಾನರು, ಅಂದರೆ ಕಾರ್ಖಾನೆಯನ್ನು ಕಟ್ಟಿದವರು, ತಾವೇ ಹೊರಗೆ ಬಂದರು. ಆಸ್ಪತ್ರೆಯ ಬಾಗಿಲ ಇಳಿಜಾರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿದ್ದ ಕುರ್ಚಿ ತಾನೇ ಉರುಳಿ ಗೋಡೆಗೆ ಬಡಿದಿತ್ತಂತೆ. ತಂಗಿಯ ಕೈ ಮುರಿದದ್ದು ಹಾಗೆ. ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡು ತಪ್ಪಾಯಿತೆಂದರು. ಅವಳಿಗೆ ಅಷ್ಟು ಸಾಲಲಿಲ್ಲ.

‘ನೀವು ಇದರಲ್ಲಿ ಕೂತು ನೋಡಿದ್ದೀರಾ?’

‘ಇಲ್ಲಮ್ಮ.’

‘ಮಾಡೋರಲ್ಲಿ ಯಾರಾದ್ರೂ ಕೂತಿದ್ದಾರಾ?’

ಯಜಮಾನರು ನಮ್ಮೆಲ್ಲರ ಕಡೆ ನೋಡಿದರು. ನಾವು ನೆಲ ನೋಡಿದೆವು. ಕುರ್ಚಿಯಲ್ಲಿದ್ದ ತಂಗಿ ತಣ್ಣಗೆ ಹೇಳಿದಳು: ‘ಬಿಡಕ್ಕ, ಪಾಪ. ಅವರ ಕುರ್ಚಿಗೆ ಮೆತ್ತೆ ಇದೆ. ಇದರಲ್ಲಿ ಯಾಕೆ ಬಂದು ಕೂರ್ತಾರೆ.’

ಯಜಮಾನರು ನಕ್ಕರು. ಆಮೇಲೆ ಹೊಸದೊಂದು ಕುರ್ಚಿ ತರಿಸಿ, ‘ನೀನೇ ಕೂತು ಏನೇನು ಸರಿಯಿಲ್ಲ ಹೇಳಮ್ಮ’ ಎಂದರು. ಅವಳು ಕೂತಳು, ಅಂಗಳದಲ್ಲಿ ಎರಡು ಸುತ್ತು ಹೋಗಿ ಬಂದಳು, ಏಳು ದೋಷ ಹೇಳಿದಳು. ಪಾದದ ಹಲಗೆ ಎರಡು ಬೆರಳಿನಷ್ಟು ಕೆಳಗಿದೆ, ಕೈ ಒರಗುವ ಪಟ್ಟಿಯ ತಿರುಪಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಎಡಕ್ಕೆ ತಿರುಗಿದಾಗ ಮುಂದಿನ ಸಣ್ಣ ಚಕ್ರ ತತ್ತರಿಸುತ್ತದೆ, ಹೀಗೆ. ಏಳನ್ನೂ ಗುರುತು ಹಾಕಿಕೊಂಡವನು ನಾನು. ಮುಂದಿನ ಸೋಮವಾರದಿಂದ ಅವಳು ಕೆಲಸಕ್ಕೆ ಬಂದಳು. ಅಂದು ದೊಡ್ಡ ಯಜಮಾನರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಹೇಳಿದ ಮಾತನ್ನು ಒಂದಕ್ಷರ ಬದಲಿಸದೆ ಕೊಡುತ್ತೇನೆ: ‘ಇವಳು ಕೂತು ಏಳದೆ ಒಂದು ಕುರ್ಚಿಯೂ ಗೇಟು ದಾಟಬಾರದು. ಇವಳು ಬೇಡ ಅಂದಿದ್ದನ್ನ ನಾನೂ ಕಳಿಸೋಲ್ಲ.’

ಈ ಆಜ್ಞೆ ಬಾಯಿಮಾತಿನಲ್ಲೇ ಉಳಿಯಿತು. ನೇಮಕಾತಿ ಪತ್ರದಲ್ಲಿ ಅವಳ ಹುದ್ದೆಯ ಹೆಸರು ‘ಸಹಾಯಕಿ, ಇತರೆ’. ‘ಮೇಲಧಿಕಾರಿ’ ಎಂಬ ಕಲಮಿನ ಎದುರು ಏನು ಬರೆಯಬೇಕೆಂದು ತಿಳಿಯದೆ ನಾನು ಒಂದು ಅಡ್ಡಗೀಟು ಎಳೆದೆ. ಇಪ್ಪತ್ತೆರಡು ವರ್ಷ ಆ ಅಡ್ಡಗೀಟಿನಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅವಳ ಕೆಲಸದ ಕ್ರಮ ಹೀಗಿತ್ತು. ಜೋಡಣೆಯ ಮನೆಯ ಕೊನೆಯಲ್ಲಿ ಹನ್ನೆರಡು ಅಡಿ ಉದ್ದದ ನಡೆದಾರಿ, ಅದರ ತುದಿಯಲ್ಲಿ ಎಂಟು ಅಡಿಗೆ ಒಂದು ಅಡಿ ಏರುವ ಇಳಿಜಾರು ಹಲಗೆ. ಕುರ್ಚಿಯಲ್ಲಿ ಕೂತು, ಎರಡೂ ಕೈಯಿಂದ ಚಕ್ರ ತಿರುಗಿಸಿಕೊಂಡು ದಾರಿ ದಾಟಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಹಲಗೆಯ ನಡುವಿಗೆ ಏರಿ ಬ್ರೇಕ್ ಹಾಕುತ್ತಿದ್ದಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಎಣಿಸುತ್ತಿದ್ದಳು. ಕುರ್ಚಿ ಅಲುಗದಿದ್ದರೆ ಇಳಿದು ಮುಂದಿನದು. ಅಲುಗಿದರೆ, ಅಥವಾ ಬೇರೇನಾದರೂ ಕಂಡರೆ, ಹಿಡಿಕೆಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ, ನೋಂದಣಿ ಪುಸ್ತಕದಲ್ಲಿ ಕಾರಣ ಬರೆದು, ಪಕ್ಕಕ್ಕೆ ತಳ್ಳುತ್ತಿದ್ದಳು. ದಿನಕ್ಕೆ ಮೂವತ್ತು ಕುರ್ಚಿ, ಕೆಲವು ದಿನ ಮೂವತ್ತೈದು. ಇಪ್ಪತ್ತೆರಡು ವರ್ಷದಲ್ಲಿ ಅವಳು ತಡೆದ ಕುರ್ಚಿಗಳು ನಾಲ್ಕು ಸಾವಿರದ ಇನ್ನೂರ ಹದಿನೇಳು. ಈ ಲೆಕ್ಕ ಅಂದಾಜಿನದಲ್ಲ. ಪುಸ್ತಕಗಳನ್ನು ಒಂದೊಂದಾಗಿ ತೆರೆದು ನಾನೇ ಕೂಡಿದ್ದು.

ಕೂರುವುದೇ ಕೆಲಸವಾದವಳನ್ನು ಜನ ಸುಮ್ಮನೆ ಬಿಡುತ್ತಾರೆಯೆ? ಬ್ರೇಕ್ ಜೋಡಿಸುವ ಮೇಸ್ತ್ರಿ ಆ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಅವಳು ಕುರ್ಚಿ ಹತ್ತಿದ ಕೂಡಲೇ, ‘ಸವಾರಿ ಹೊರಟಿತು, ದಾರಿ ಬಿಡ್ರಪ್ಪಾ’ ಎಂದು ಕೂಗು ಹಾಕುತ್ತಿದ್ದ. ಹೆಸರು ಅಂಟಿಕೊಂಡದ್ದು ಹಾಗೆ.

‘ದಾರಿ ಬಿಟ್ಟರೆ ಸಾಲದು, ಆ ನಟ್ಟನ್ನೂ ಬಿಗಿ ಮಾಡು’ ಎನ್ನುತ್ತಿದ್ದಳು ಅವಳು.

‘ನಮಗೂ ಕೂರೋ ಕೆಲಸ ಕೊಡ್ಸಿ ಅಕ್ಕ. ನಿಂತೂ ನಿಂತೂ ಮಂಡಿ ಸವೆದುಹೋಯ್ತು.’

‘ಮಂಡಿ ಪೂರ್ತಿ ಸವೆಯಲಿ. ಆಗ ನೀನೇ ಬಂದು ಕೂರ್ತೀಯ, ನಾನೇ ತಳ್ತೀನಿ.’

ದೊಡ್ಡ ಯಜಮಾನರು ತೀರಿಕೊಂಡು ಎರಡು ವರ್ಷದ ನಂತರ, ಕಾರ್ಖಾನೆಯ ಮೂವತ್ತೊಂದನೆಯ ವರ್ಷದಲ್ಲಿ, ಅವರ ಮಗ ಚಿಕ್ಕ ಯಜಮಾನರು ಒಬ್ಬ ಸಲಹೆಗಾರರನ್ನು ಕರೆಸಿದರು. ಆ ಸಲಹೆಗಾರರು ಕೆಟ್ಟ ಮನುಷ್ಯರೇನಲ್ಲ. ಯಾರನ್ನೂ ಏಕವಚನದಲ್ಲಿ ಮಾತಾಡಿಸಿದ್ದು ನಾನು ಕೇಳಿಲ್ಲ. ಕೆಲಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿದಷ್ಟೂ ಅದು ಚೊಕ್ಕವಾಗುತ್ತದೆ, ಪ್ರತಿಯೊಬ್ಬನಿಗೂ ಒಂದೇ ತುಂಡು, ಪ್ರತಿಯೊಬ್ಬನ ಮೇಲೂ ಒಬ್ಬನೇ ಅಧಿಕಾರಿ, ಇದು ಅವರ ಸಿದ್ಧಾಂತ. ಬಹುಪಾಲು ಕಡೆ ಅದು ಸರಿಯಾಗಿಯೇ ಇತ್ತೆಂದು ನಾನು ಒಪ್ಪುತ್ತೇನೆ. ಉಗ್ರಾಣದಲ್ಲಿ ಒಂದೇ ಬೀಗಕ್ಕೆ ಮೂವರು ಜವಾಬ್ದಾರರಿದ್ದರು. ಅದು ಒಬ್ಬನಿಗೆ ಬಂತು. ತೊಡಕು ಬಂದದ್ದು ನಡೆದಾರಿಯ ಹತ್ತಿರ.

‘ಇವರ ಕೆಲಸ ಏನು?’ ಎಂದು ಸಲಹೆಗಾರರು ಕೇಳಿದರು.

‘ಕೂರೋದು ಸಾರ್’ ಎಂದ ಬ್ರೇಕ್ ಮೇಸ್ತ್ರಿ.

‘ಆಮೇಲೆ?’

‘ಏಳೋದು.’

ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಸಲಹೆಗಾರರು ನಗಲಿಲ್ಲ. ಗಡಿಯಾರ ಹಿಡಿದು ಅರ್ಧ ದಿನ ನಿಂತು, ಕುರ್ಚಿಗೆ ನಾಲ್ಕು ನಿಮಿಷವೆಂದು ಬರೆದುಕೊಂಡರು. ಹದಿನೈದು ದಿನದ ಬಳಿಕ ಬಂದ ವರದಿಯಲ್ಲಿ ಆ ನಾಲ್ಕು ನಿಮಿಷವನ್ನು ನಾಲ್ಕು ಜನರಿಗೆ ಹಂಚಲಾಗಿತ್ತು. ಚಕ್ರ ಜೋಡಿಸುವವನು ಚಕ್ರವನ್ನು, ಬ್ರೇಕ್ ಮೇಸ್ತ್ರಿ ಬ್ರೇಕನ್ನು, ಪಾದದ ಹಲಗೆಯವನು ಹಲಗೆಯನ್ನು, ಬಟ್ಟೆ ಹೊಲಿಯುವವಳು ಕೂರುವ ಬಟ್ಟೆಯನ್ನು ತಮ್ಮ ತಮ್ಮ ಜಾಗದಲ್ಲೇ ಪರೀಕ್ಷಿಸಿ ಒಂದು ಚೀಟಿಗೆ ಸಹಿ ಹಾಕಬೇಕು. ನಾಲ್ಕು ಸಹಿಯಾದರೆ ಕುರ್ಚಿ ಸಿದ್ಧ. ಸವಾರಿಯಕ್ಕನ ಕೆಲಸ ಅಲ್ಲಿಗೆ ಮುಗಿಯಿತು. ಅವಳನ್ನು ರವಾನೆ ವಿಭಾಗಕ್ಕೆ ಹಾಕಿ, ಸಿದ್ಧವಾದ ಕುರ್ಚಿಗಳಿಗೆ ವಿಳಾಸದ ಚೀಟಿ ಅಂಟಿಸಲು ಹೇಳಿದ್ದರು.

ಆ ವರದಿಯನ್ನು ಹಾಳೆಯ ಮೇಲೆ ನಕ್ಷೆಯಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನೂರ ನಲವತ್ತನಾಲ್ಕು ಜನ, ಅಷ್ಟೂ ಜನರ ಹುದ್ದೆಗಳಿಗೆ ಐವತ್ತೆಂಟು ಚೌಕ. ಸವಾರಿಯಕ್ಕನ ಚೌಕವನ್ನು ರವಾನೆ ಮುಖ್ಯಸ್ಥರ ಚೌಕದ ಕೆಳಗೆ ಬರೆದು, ನಡುವೆ ಗೆರೆ ಎಳೆದವನು ನಾನೇ. ಇದು ಸರಿಯಲ್ಲವೆಂದು ಎಳೆಯುವಾಗಲೇ ಅನಿಸಿತ್ತು. ಆದರೆ ಅದೇ ನಕ್ಷೆಯಲ್ಲಿ ನನ್ನ ಚೌಕವೂ ಒಂದು ಮೆಟ್ಟಿಲು ಮೇಲೇರಿತ್ತು. ನಾನು ಬಾಯಿ ಬಿಡಲಿಲ್ಲ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ನನ್ನ ಮೇಜಿನ ಹತ್ತಿರ ಬಂದಳು.

‘ಗುಮಾಸ್ತರೇ, ಇದರಲ್ಲಿ ನಾನೆಲ್ಲಿ?’

ಬೆರಳಿಟ್ಟು ತೋರಿಸಿದೆ. ‘ಕೆಳಗಿದೆ ಅಂತ ಬೇಜಾರು ಮಾಡ್ಕೋಬೇಡಿ. ಎಲ್ಲರೂ ಒಬ್ಬರ ಕೆಳಗೆ ಇರೋರೇ’ ಎಂದೆ.

‘ಕೆಳಗಿರೋಕೆ ನನಗೇನೂ ಬೇಜಾರಿಲ್ಲ. ಒಂದು ಮಾತು ಹೇಳಿ. ತಿಂಗಳ ಕೊನೆಗೆ ರವಾನೆಯವರನ್ನ ಏನು ಕೇಳ್ತಾರೆ?’

‘ಎಷ್ಟು ಕುರ್ಚಿ ಹೋಯ್ತು ಅಂತ.’

‘ಎಷ್ಟು ನಿಂತಿತು ಅಂತ ಕೇಳ್ತಾರಾ?’

‘ಇಲ್ಲ.’

‘ಹಾಗಿದ್ದ ಮೇಲೆ, ಕಳಿಸೋರ ಕೈಕೆಳಗೆ ತಡೆಯೋಳನ್ನ ಇಟ್ಟರೆ ತಡೆಯೋದು ಹೇಗೆ? ನೀವು ಓದಿದೋರು, ಹೇಳಿ.’

ಹೊಸ ಹುದ್ದೆಯನ್ನು ಒಪ್ಪಿಕೊಂಡೆವೆಂದು ಎಲ್ಲರೂ ಒಂದು ಪತ್ರಕ್ಕೆ ಸಹಿ ಹಾಕಬೇಕಿತ್ತು. ನೂರ ನಲವತ್ತಮೂರು ಸಹಿ ಬಂದವು. ಅವಳು ಹಾಕಲಿಲ್ಲ. ‘ಚೀಟಿ ಅಂಟಿಸು ಅಂದ್ರೆ ಅಂಟಿಸ್ತೀನಿ. ಕೆಲಸ ಕೆಲಸವೇ. ಸಹಿ ಮಾತ್ರ ಹಾಕಲ್ಲ’ ಎಂದಳು. ತಿಂಗಳ ಕೊನೆಯ ದಿನದೊಳಗೆ ಸಹಿ ಬಾರದಿದ್ದರೆ ಕೆಲಸ ಬಿಟ್ಟಂತೆ ಪರಿಗಣಿಸಲಾಗುವುದು ಎಂಬ ಪತ್ರ ಹೋಯಿತು. ಅದನ್ನು ಬೆರಳಚ್ಚು ಮಾಡಿದವನೂ ನಾನೇ. ನಡೆದಾರಿಯಲ್ಲಿ ಖಾಲಿ ಪೆಟ್ಟಿಗೆಗಳನ್ನು ಒಟ್ಟಿದರು. ಇಳಿಜಾರು ಹಲಗೆಯನ್ನು ಎತ್ತಿ, ಲಾರಿಗೆ ಸರಕು ಏರಿಸಲು ಅನುಕೂಲವಾಗುತ್ತದೆಂದು, ರವಾನೆಯ ಅಂಗಳಕ್ಕೆ ಒಯ್ದರು.

ಅವಳ ಮನಸ್ಸು ತಿರುಗಿಸಿ ಬನ್ನಿ ಎಂದು ಜನರಲ್ ಮ್ಯಾನೇಜರರು ಒಂದು ಭಾನುವಾರ ನನ್ನನ್ನೇ ಅವಳ ಮನೆಗೆ ಕಳಿಸಿದರು. ಎರಡು ಕೋಣೆಯ ಮನೆ. ಹೊಸ್ತಿಲುಗಳನ್ನು ಕಿತ್ತು ನೆಲವನ್ನು ಸಮ ಮಾಡಿದ್ದರು. ನೀರಿನ ಕೊಡ, ಕನ್ನಡಿ, ದೀಪದ ಗುಂಡಿ, ಎಲ್ಲವೂ ಕೂತವರ ಕೈಗೆ ಎಟಕುವ ಎತ್ತರದಲ್ಲಿದ್ದವು. ತಂಗಿ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರದ ಮುಂದಿದ್ದಳು.

‘ಬನ್ನಿ ಗುಮಾಸ್ತರೇ. ಕೂರೋಕೆ ನೀವೇ ಏನಾದ್ರೂ ತಂದಿದ್ದೀರಾ? ನಮ್ಮನೇಲಿರೋ ಕುರ್ಚಿ ಒಂದೇ. ಅದರಲ್ಲಿ ನಾನಿದ್ದೀನಿ’ ಎಂದಳು.

ಅಕ್ಕ ಚಾಪೆ ಹಾಸಿದಳು. ನಾನು ಬಂದ ವಿಷಯ ಹೇಳಿದೆ. ಸಹಿ ಒಂದು ಔಪಚಾರಿಕತೆ, ಅವಳ ಅನುಭವಕ್ಕೆ ಬೆಲೆ ಇದ್ದೇ ಇರುತ್ತದೆ ಎಂದೆಲ್ಲ ಹೇಳಿದೆ. ತಂಗಿ ಯಂತ್ರ ನಿಲ್ಲಿಸಿದಳು.

‘ನನ್ನ ಈ ಕುರ್ಚಿಗೆ ಆರು ವರ್ಷ ಆಯ್ತು. ಮುಂದಿನ ವರ್ಷ ಹೊಸದು ಬೇಕು. ಅದರಲ್ಲಿ ನನಗಿಂತ ಮೊದಲು ಯಾರು ಕೂತಿರ್ತಾರೆ?’

‘ಈಗ ಯಾರೂ ಕೂರೋಲ್ಲಮ್ಮ. ನಾಲ್ಕು ಜನ ನೋಡಿ ಸಹಿ ಹಾಕಿರ್ತಾರೆ.’

‘ನಾನು ಕೂರೋದು ಸಹಿ ಮೇಲಲ್ಲ ಗುಮಾಸ್ತರೇ.’

ಆಮೇಲೆ ಅಕ್ಕನ ಕಡೆ ತಿರುಗಿ, ‘ನೀನು ಸಹಿ ಹಾಕು, ಬಿಡು, ನಿನ್ನಿಷ್ಟ. ಹಾಕಿದರೆ ನನ್ನ ಕುರ್ಚಿ ಮಾತ್ರ ಬೇರೆ ಅಂಗಡಿಯಿಂದ ತಾ’ ಎಂದು ಮತ್ತೆ ಯಂತ್ರ ತಿರುಗಿಸತೊಡಗಿದಳು.

ಅಕ್ಕ ನನ್ನನ್ನು ಬಾಗಿಲವರೆಗೆ ಬಿಡಲು ಬಂದಳು. ‘ಮ್ಯಾನೇಜರಿಗೆ ಏನು ಹೇಳ್ತೀರಿ?’ ಎಂದಳು.

‘ಒಪ್ಪಲಿಲ್ಲ ಅಂತ.’

‘ಯಾಕೆ ಒಪ್ಪಲಿಲ್ಲ ಅನ್ನೋದನ್ನೂ ಹೇಳಿ. ಅರ್ಧ ಹೇಳಿ ಬಂದ್ಬಿಡ್ಬೇಡಿ.’

ನಾನು ಅರ್ಧವನ್ನೇ ಹೇಳಿದೆ.

ತಿಂಗಳ ಇಪ್ಪತ್ತಮೂರನೆಯ ತಾರೀಖು, ಬುಧವಾರ. ಒಂದು ದೊಡ್ಡ ಆಸ್ಪತ್ರೆಗೆ ಅರವತ್ತನಾಲ್ಕು ಕುರ್ಚಿ ಹೋಗಬೇಕಿತ್ತು. ಎಲ್ಲವಕ್ಕೂ ನಾಲ್ಕು ನಾಲ್ಕು ಸಹಿಯಾಗಿ ರವಾನೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಲಾರಿ ಬಂದಿತ್ತು. ಊಟದ ಬಿಡುವು. ಸವಾರಿಯಕ್ಕ ಚೀಟಿಗಳ ಕಟ್ಟನ್ನು ಕೆಳಗಿಟ್ಟು, ಮೊದಲ ಸಾಲಿನ ಒಂದು ಕುರ್ಚಿಯಲ್ಲಿ ಕೂತು, ಅಲ್ಲೇ ಬಿದ್ದಿದ್ದ ತನ್ನ ಹಳೆಯ ಇಳಿಜಾರು ಹಲಗೆಯನ್ನು ಏರಿದಳು. ಬ್ರೇಕ್ ಹಾಕಿ ಎಣಿಸಿದಳು. ಏಳಕ್ಕೆ ಕುರ್ಚಿ ಸರಿಯಿತು. ಇನ್ನೊಂದರಲ್ಲಿ ಕೂತಳು, ಅದು ಎಂಟಕ್ಕೆ. ಬಿಡುವು ಮುಗಿಯುವಷ್ಟರಲ್ಲಿ ಒಂಬತ್ತು ಕುರ್ಚಿ ನೋಡಿದ್ದಳು. ಒಂಬತ್ತೂ ಸರಿದಿದ್ದವು. ಕೈಚೀಲದಲ್ಲಿ ತಂಗಿ ಕತ್ತರಿಸಿ ಕೊಟ್ಟಿದ್ದ ಕೆಂಪು ಪಟ್ಟಿಗಳ ಸುರುಳಿ ಇನ್ನೂ ಇತ್ತು. ಅರವತ್ತನಾಲ್ಕಕ್ಕೂ ಕಟ್ಟತೊಡಗಿದಳು.

ರವಾನೆ ಮುಖ್ಯಸ್ಥರನ್ನು ನಾವು ಹಿಂದಿನಿಂದ ಗಡಿಯಾರ ಎನ್ನುತ್ತಿದ್ದೆವು. ಮಾತಿಗೆ ಮೂರು ಸಲ ಮಣಿಕಟ್ಟು ನೋಡುವವರು. ಅವರು ಊಟ ಮುಗಿಸಿ ಬಂದಾಗ ಅಂಗಳವೆಲ್ಲ ಕೆಂಪಾಗಿತ್ತು.

‘ಇದನ್ನ ಕಟ್ಟೋಕೆ ಹೇಳಿದ್ದು ಯಾರು?’

‘ಕುರ್ಚಿ ಹೇಳ್ತು.’

‘ತಮಾಷೆ ಬೇಡ. ನಿಮ್ಮ ಮೇಲಧಿಕಾರಿ ನಾನು. ಬಿಚ್ಚಿ ಅಂತ ಹೇಳ್ತಿದ್ದೀನಿ.’

‘ಬಿಚ್ಚಲ್ಲ.’

‘ನೀವು ನನ್ನ ಕೆಳಗಿದ್ದೀರಿ.’

‘ನಾನು ಸಹಿ ಹಾಕಿಲ್ಲ.’

ಅವರೇ ಒಂದು ಪಟ್ಟಿ ಬಿಚ್ಚಿದರು. ಅವಳು ಅದೇ ಹಿಡಿಕೆಗೆ ಇನ್ನೊಂದನ್ನು ಕಟ್ಟಿದಳು. ಅವರು ಬಿಚ್ಚಿದರು, ಅವಳು ಕಟ್ಟಿದಳು. ಲಾರಿಯ ಚಾಲಕ ಇಳಿದು ಬಂದು, ‘ನೀವಿಬ್ಬರೂ ಒಂದು ತೀರ್ಮಾನಕ್ಕೆ ಬನ್ನಿ, ಅಷ್ಟರಲ್ಲಿ ನಾನು ಒಂದು ನಿದ್ದೆ ಮಾಡ್ತೀನಿ’ ಎಂದು ಹೋಗಿ ಮಲಗಿದ. ಸುದ್ದಿ ಮೇಲೆ ಹೋಯಿತು. ಗುಣಮಟ್ಟ ಅಧಿಕಾರಿ, ಜನರಲ್ ಮ್ಯಾನೇಜರ್, ಸಲಹೆಗಾರರು, ಕೊನೆಗೆ ಚಿಕ್ಕ ಯಜಮಾನರು ಅಂಗಳಕ್ಕೆ ಬಂದರು. ಚೀಟಿಗಳ ಕಡತ ಹಿಡಿದು ನಾನೂ ಬಂದೆ.

ಸಲಹೆಗಾರರು ಒಂದು ಕುರ್ಚಿಯನ್ನು ಹಲಗೆಯ ಮೇಲಿಟ್ಟು ಬ್ರೇಕ್ ಹಾಕಿ ಕೈ ಬಿಟ್ಟರು. ಕುರ್ಚಿ ಕಲ್ಲಿನಂತೆ ನಿಂತಿತು. ಇಪ್ಪತ್ತಲ್ಲ, ಎಪ್ಪತ್ತು ಎಣಿಸಿದರೂ ಕದಲಲಿಲ್ಲ. ‘ನೋಡಿ’ ಎಂದರು. ಎಲ್ಲರ ಮುಖ ಸಡಿಲವಾಯಿತು.

‘ಖಾಲಿ ಕುರ್ಚಿ ಯಾರಿಗೆ ಬೇಕು ಸ್ವಾಮಿ?’ ಎಂದಳು ಸವಾರಿಯಕ್ಕ.

ಚಿಕ್ಕ ಯಜಮಾನರು, ‘ಸರಿ, ಯಾರಾದ್ರೂ ಕೂತು ನೋಡಲಿ’ ಎಂದು ಜನರಲ್ ಮ್ಯಾನೇಜರರ ಕಡೆ ನೋಡಿದರು. ಅವರು ಗುಣಮಟ್ಟ ಅಧಿಕಾರಿಗೆ, ‘ಒಬ್ಬರನ್ನ ಕೂರ್ಸಿ’ ಎಂದರು. ಅವರು ರವಾನೆ ಮುಖ್ಯಸ್ಥರಿಗೆ, ‘ನಿಮ್ಮ ವಿಭಾಗದೋರು ಯಾರಾದ್ರೂ’ ಎಂದರು. ರವಾನೆ ಮುಖ್ಯಸ್ಥರು ಮಣಿಕಟ್ಟು ನೋಡಿಕೊಂಡು ಸವಾರಿಯಕ್ಕನಿಗೆ, ‘ಕೂರಿ’ ಎಂದರು. ನಾನು ಬರೆದ ಗೆರೆಗಳ ಮೇಲೆಯೇ, ಒಂದನ್ನೂ ಬಿಡದೆ, ಆ ಆಜ್ಞೆ ಇಳಿದು ಬಂದದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದೆ.

‘ನಾನು ಕೂರಲ್ಲ’ ಎಂದಳು ಅವಳು. ‘ಒಂಬತ್ತು ಸಲ ಕೂತಾಯ್ತು. ಕೂತವಳ ಮಾತು ನಂಬಿಕೆಗೆ ಬರಲಿಲ್ಲ ಅಂದ ಮೇಲೆ ಹತ್ತನೇ ಸಲ ಕೂತು ಏನಾಗ್ಬೇಕು? ಸಹಿ ಹಾಕಿದೋರು ಕೂರಲಿ.’

‘ಇದು ಉದ್ಧಟತನ’ ಎಂದರು ಜನರಲ್ ಮ್ಯಾನೇಜರ್.

‘ಹೌದು ಸಾರ್’ ಎಂದಳು.

ಆಗ ಬ್ರೇಕ್ ಮೇಸ್ತ್ರಿ ಗುಂಪಿನಿಂದ ಮುಂದೆ ಬಂದ. ಅವಳನ್ನು ಇಪ್ಪತ್ತೆರಡು ವರ್ಷ ಗೇಲಿ ಮಾಡಿದವನು. ‘ಬ್ರೇಕಿಗೆ ಸಹಿ ನಂದು. ನಾನು ಕೂರ್ತೀನಿ’ ಎಂದ. ಕೂತ. ಹಲಗೆಯ ನಡುವಿಗೆ ಏರಿದ. ಬ್ರೇಕ್ ಹಾಕಿ, ಅದನ್ನು ಎರಡು ಸಲ ಎಳೆದು ನೋಡಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಎಣಿಸುವವರು ಯಾರೆಂದು ಯಾರೂ ಹೇಳಲಿಲ್ಲ. ಜೋಡಣೆಯ ಮನೆಯವರು ತಾವಾಗಿಯೇ ಶುರು ಮಾಡಿದರು. ಐದಕ್ಕೆ ಚಕ್ರ ಕಿರ್ ಎಂದಿತು. ಆರಕ್ಕೆ ಕುರ್ಚಿ ಇಳಿಯತೊಡಗಿತು. ಮೇಸ್ತ್ರಿ ಚಕ್ರ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಹಾಗೇ ಉರುಳಿಹೋಗಿ ಪ್ಯಾಕಿಂಗ್ ಹುಲ್ಲಿನ ಮೂಟೆಗಳಿಗೆ ಬಡಿದು ನಿಂತ. ಇಳಿದು ಬ್ರೇಕನ್ನೇ ನೋಡುತ್ತ ನಿಂತ.

‘ನನ್ನ ಬ್ರೇಕು ಸರಿ ಇತ್ತು ಅಕ್ಕ. ನಾನೇ ನೋಡಿದ್ದೆ.’

‘ನಿನ್ನ ಬ್ರೇಕು ಸರೀನೇ ಇದೆ ಕಣಪ್ಪ. ಚಕ್ರಾನೂ ಸರಿ ಇದೆ. ಇವೆರಡರ ನಡುವಿನ ಪಟ್ಟಿ ನೋಡು.’

ಸಂಗತಿ ಇಷ್ಟೇ. ಚಕ್ರದ ಅಚ್ಚನ್ನು ಚೌಕಟ್ಟಿಗೆ ಹಿಡಿದಿಡುವ ಉಕ್ಕಿನ ಪಟ್ಟಿ ಎರಡು ವಾರದಿಂದ ಮೊದಲಿಗಿಂತ ತೆಳ್ಳಗೆ ಬರುತ್ತಿತ್ತು. ಖಾಲಿ ಕುರ್ಚಿಯಲ್ಲಿ ಅದು ನೆಟ್ಟಗಿರುತ್ತಿತ್ತು. ಮೇಲೆ ಒಬ್ಬರು ಕೂತ ಕೂಡಲೇ ಬಾಗಿ, ಚಕ್ರ ಅರ್ಧ ನೂಲಿನಷ್ಟು ಹಿಂದಕ್ಕೆ ಸರಿದು, ಬ್ರೇಕಿನ ಹಿಡಿತ ಸಡಿಲವಾಗುತ್ತಿತ್ತು. ನಾಲ್ವರೂ ಪ್ರಾಮಾಣಿಕರು, ನಾಲ್ವರ ಪರೀಕ್ಷೆಯೂ ಸರಿ, ನಾಲ್ಕು ಸಹಿಯೂ ನಿಜ. ನಾಲ್ವರೂ ನೋಡಿದ್ದು ಯಾರೂ ಕೂರದ ಕುರ್ಚಿಯನ್ನು. ಪಟ್ಟಿಗೆ ಸಹಿ ಹಾಕುವ ಜಾಗ ಚೀಟಿಯಲ್ಲಿರಲಿಲ್ಲ. ಇಡೀ ಕುರ್ಚಿಗಂತೂ ಇರಲೇ ಇಲ್ಲ. ಲಾರಿ ಖಾಲಿಯಾಗಿ ಹಿಂತಿರುಗಿತು.

ವಿಷಯ ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು. ಅವಳು ತಿಳಿಯಲಿಲ್ಲ. ಮರುದಿನ ಅವಳನ್ನು ಒಳಗೆ ಕರೆದರು, ಬರೆದುಕೊಳ್ಳಲು ನಾನಿದ್ದೆ. ಕುಳಿತು ಪರೀಕ್ಷಿಸುವ ಕೆಲಸವನ್ನು ಮತ್ತೆ ಶುರು ಮಾಡುವುದಾಗಿ, ಅವಳಿಗೆ ‘ಸಹಾಯಕ ಪರೀಕ್ಷಕಿ’ ಎಂಬ ಹುದ್ದೆ ಕೊಟ್ಟು ಗುಣಮಟ್ಟ ಅಧಿಕಾರಿಯ ಕೆಳಗೆ ಇಡುವುದಾಗಿ ಚಿಕ್ಕ ಯಜಮಾನರು ಹೇಳಿದರು. ಗೌರವದ ಮಾತೇ.

‘ಗುಣಮಟ್ಟದ ಸಾಹೇಬರು ಒಳ್ಳೆಯವರು’ ಎಂದಳು. ‘ಅವರ ಮೇಲೆ ಯಾರು?’

‘ಜನರಲ್ ಮ್ಯಾನೇಜರ್.’

‘ತಿಂಗಳ ಕೊನೆಗೆ ಅವರಿಗೆ ಏನು ಬೇಕು? ಕುರ್ಚಿ ಹೋಗ್ಬೇಕು. ಗೆರೆ ಯಾವ ದಾರೀಲಿ ಸುತ್ತಿ ಬಂದ್ರೂ ಸೇರೋದು ಅಲ್ಲಿಗೇ.’

‘ಹಾಗಾದ್ರೆ ನಿಮ್ಮ ಮೇಲೆ ಯಾರೂ ಬೇಡ್ವಾ? ನಾನೂ ಬೇಡ್ವಾ?’

‘ರಜ ಕೇಳೋಕೆ ನೀವಿರಿ. ತಡವಾಗಿ ಬಂದ್ರೆ ಬೈಯೋಕೆ ನೀವಿರಿ. ಕುರ್ಚಿ ತಡೆಯೋ ಮಾತಿಗೆ ಮಾತ್ರ ಯಾರೂ ಬೇಡ. ನಿಮ್ಮ ತಂದೆಯೋರು ಹೇಳಿದ್ದು ಅದು.’

‘ಅಪ್ಪ ಹೇಳಿದ್ದಕ್ಕೆ ಬರಹ ಎಲ್ಲಿದೆ?’

‘ಬರಹ ಇಲ್ಲ.’

ಸಲಹೆಗಾರರು ನಯವಾಗಿಯೇ ಹೇಳಿದರು: ‘ಅಮ್ಮಾ, ಗೆರೆಯಿಲ್ಲದ ಚೌಕ ಅಂತ ಒಂದು ಇರೋಕೆ ಸಾಧ್ಯವಿಲ್ಲ. ಯಾವ ಸಂಸ್ಥೆಯ ನಕ್ಷೆಯಲ್ಲೂ ನಾನು ಕಂಡಿಲ್ಲ.’

‘ಕೂತು ನೋಡೋ ಕೆಲಸಾನೂ ನೀವು ಕಂಡಿರಲಿಲ್ಲ’ ಎಂದಳು ಅವಳು.

ಅವರು ಒಪ್ಪಲಿಲ್ಲ, ಅವಳು ಸಹಿ ಹಾಕಲಿಲ್ಲ. ಸಹಾಯಕ ಪರೀಕ್ಷಕಿಯ ಹುದ್ದೆಗೂ ತಿಂಗಳ ಕೊನೆಯ ದಿನವೇ ಗಡುವು ಎಂದಾಯಿತು. ಕುರ್ಚಿಗಳ ವಿಷಯದಲ್ಲಿ ಅವಳು ಗೆದ್ದಿದ್ದಳು. ತನ್ನ ಕೆಲಸವನ್ನು ಇನ್ನೊಂದು ವಾರದಲ್ಲಿ ಕಳೆದುಕೊಳ್ಳುವವಳಿದ್ದಳು.

ಆ ವಾರ ನಾನು ಹಳೆಯ ನೋಂದಣಿ ಪುಸ್ತಕಗಳನ್ನು ಉಗ್ರಾಣದಿಂದ ತರಿಸಿ ಕೂಡಿದೆ. ಮೇಲೆ ಹೇಳಿದ ನಾಲ್ಕು ಸಾವಿರದ ಇನ್ನೂರ ಹದಿನೇಳು ಬಂದದ್ದು ಆಗಲೇ. ಅದರಲ್ಲಿ ಬ್ರೇಕು ಜಾರಿದ್ದೇ ಆರುನೂರ ಎಂಟು. ಇಪ್ಪತ್ತೊಂಬತ್ತನೆಯ ತಾರೀಖಿನಂದು ಚಿಕ್ಕ ಯಜಮಾನರಿಗೆ ಎರಡು ಪುಟದ ಟಿಪ್ಪಣಿ ಕೊಟ್ಟೆ. ಅವರ ತಂದೆಯವರು ಯಾವ ದಿನ, ಎಲ್ಲಿ ನಿಂತು, ಯಾವ ಮಾತಿನಲ್ಲಿ ಆ ಆಜ್ಞೆ ಮಾಡಿದರೆಂಬುದನ್ನು ಬರೆದು, ‘ನಾನು ಕಿವಿಯಾರೆ ಕೇಳಿದ್ದೇನೆ’ ಎಂದು ಸಹಿ ಹಾಕಿದೆ. ಅಂದು ಅಂಗಳದಲ್ಲಿದ್ದವರಲ್ಲಿ ಹನ್ನೊಂದು ಜನ ಇನ್ನೂ ಕೆಲಸದಲ್ಲಿದ್ದರು. ಹನ್ನೊಂದು ಜನರೂ ಸಹಿ ಹಾಕಿದರು. ಬ್ರೇಕ್ ಮೇಸ್ತ್ರಿಯದು ಮೊದಲನೆಯದು. ‘ಈ ಸಹಿ ಸರಿಯಾಗಿ ನೋಡಿಯೇ ಹಾಕ್ತಿದ್ದೀನಿ’ ಎಂದ. ನಾನು ಮಾಡಿದ್ದು ದೊಡ್ಡ ಸಾಹಸವಲ್ಲ. ಆ ಭಾನುವಾರ ನುಂಗಿದ ಅರ್ಧ ಮಾತನ್ನು ತಡವಾಗಿ ಹೇಳಿದೆ, ಅಷ್ಟೆ.

ಕೊನೆಯ ದಿನ ಅವಳು ತನ್ನ ಪೆಟ್ಟಿಗೆ ಖಾಲಿ ಮಾಡಿ ಕೈಚೀಲ ಕಟ್ಟಿಕೊಂಡಿದ್ದಳು. ನಾಲ್ಕು ಗಂಟೆಗೆ ಚಿಕ್ಕ ಯಜಮಾನರು ನನ್ನನ್ನು ಕರೆದು ನಕ್ಷೆ ತರಲು ಹೇಳಿದರು. ಟಿಪ್ಪಣಿ ಅವರ ಮೇಜಿನ ಮೇಲಿತ್ತು.

‘ಬಲಗಡೆ ಜಾಗ ಇದೆಯಲ್ಲ, ಅಲ್ಲಿ ಒಂದು ಚೌಕ ಬರೀರಿ’ ಎಂದರು.

ಬರೆದೆ. ಅಳತೆಪಟ್ಟಿ ಹಿಡಿದು ಗೆರೆಗಾಗಿ ಕಾದೆ.

‘ಸಾಕು’ ಎಂದರು.

ಜೊತೆಗೆ ಎರಡು ಸಾಲಿನ ಕಚೇರಿ ಆದೇಶ ಹೊರಟಿತು: ‘ಕುರ್ಚಿಯನ್ನು ತಡೆಯುವ ವಿಷಯದಲ್ಲಿ ಈ ಹುದ್ದೆಯವರು ಯಾರಿಗೂ ಅಧೀನರಲ್ಲ. ಅವರು ಕಟ್ಟಿದ ಕೆಂಪು ಪಟ್ಟಿಯನ್ನು ಅವರ ಹೊರತು ಯಾರೂ ಬಿಚ್ಚತಕ್ಕದ್ದಲ್ಲ.’ ಅವಳು ಅದನ್ನು ಎರಡು ಸಲ ಓದಿ, ಕೈಚೀಲ ಕೆಳಗಿಟ್ಟು, ನೂರ ನ‌ಲವತ್ತನಾಲ್ಕನೆಯ ಸಹಿ ಹಾಕಿದಳು.

ಆಮೇಲೆ ಹತ್ತು ವರ್ಷ ಅವಳು ಕೂತಳು, ಎದ್ದಳು. ಬಡ್ತಿ ಒಂದೂ ಸಿಗಲಿಲ್ಲ. ಮೇಲೆ ಗೆರೆಯಿಲ್ಲದವರು ಏರುವುದಾದರೂ ಎಲ್ಲಿಗೆ ಎಂದು ಮೇಲಿನವರು ಕೇಳಿದರಂತೆ. ಗಡಿಯಾರ ಮತ್ತೆ ಅವಳೊಡನೆ ಮಾತಾಡಲಿಲ್ಲ. ನಿವೃತ್ತಿಯ ದಿನ ಕೊಟ್ಟ ಪತ್ರದಲ್ಲಿ ಹುದ್ದೆಯನ್ನು ತಪ್ಪಾಗಿ ಬರೆದಿದ್ದರು. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ, ಇಲ್ಲದಿದ್ದರೆ ಬಿಡುತ್ತಿರಲಿಲ್ಲ. ಹೋಗುವ ಮುನ್ನ ಅವಳು ಒಬ್ಬ ಹುಡುಗಿಗೆ ಎರಡು ವರ್ಷ ಕೆಲಸ ಕಲಿಸಿ ಹೋಗಿದ್ದಳು.

ಸಂಚಿಕೆಯನ್ನು ಅವರ ಮನೆಗೆ ಒಯ್ದೆ. ತಂಗಿ ಮೊದಲು ನೋಡಿ, ‘ಅಕ್ಕ, ನಿನ್ನ ಚೌಕಕ್ಕೆ ಬಾಲ ಅಂಟಿಸಿದ್ದಾರೆ’ ಎಂದು ನಕ್ಕಳು. ಸವಾರಿಯಕ್ಕನಿಗೆ ಈಗ ಅರವತ್ತೇಳು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

‘ಇದು ಪುಸ್ತಕದಲ್ಲಿ ಮಾತ್ರಾನೋ, ಅಲ್ಲೂ ಹೀಗೇನೋ?’

‘ಗೊತ್ತಿಲ್ಲ’ ಎಂದೆ.

‘ಗೊತ್ತಿಲ್ಲ ಅಂತ ಕೂತ್ಕೊಂಡ್ರೆ ಹೇಗೆ? ಹೋಗಿ ನೋಡ್ಕೊಂಡು ಬನ್ನಿ.’

ಕಳೆದ ಮಂಗಳವಾರ ಹೋದೆ. ಕಾವಲುಗಾರ ಹೊಸಬ, ಹಳೆಯ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬೇಕಾಯಿತು. ಗೋಡೆಯ ಮೇಲೆ ಗಾಜು ಹಾಕಿದ ಹೊಸ ನಕ್ಷೆ ತೂಗುತ್ತಿದೆ. ಅದರಲ್ಲೂ ಆ ಗೆರೆ ಇದೆ. ಎರಡು ಸಾಲಿನ ಆದೇಶದ ನಕಲು ನನ್ನ ಬಳಿ ಇದೆ, ಅದನ್ನು ರದ್ದು ಮಾಡಿದ ಇನ್ನೊಂದು ಆದೇಶವನ್ನು ಇದುವರೆಗೆ ಯಾರೂ ತೋರಿಸಿಲ್ಲ. ಸಂಪಾದಕ ಮಂಡಳಿಗೆ ಬರೆದದ್ದೂ ಸೇರಿ ಮೂರು ಪತ್ರ ಬರೆದಿದ್ದೇನೆ. ನಾಲ್ಕನೆಯದಕ್ಕೆ ಇದನ್ನೇ ಲಗತ್ತಿಸುತ್ತೇನೆ.

ಜೋಡಣೆಯ ಮನೆಯ ಕೊನೆಯಲ್ಲಿ ನಡೆದಾರಿ ಹಾಗೆಯೇ ಇತ್ತು. ಪಕ್ಕದಲ್ಲಿ ಕೆಂಪು ಪಟ್ಟಿಯ ಒಂಬತ್ತು ಕುರ್ಚಿಗಳು. ಅಂದಿನ ಹುಡುಗಿ, ಈಗ ನಡುವಯಸ್ಸಿಗೆ ಹತ್ತಿರವಾದ ಹೆಂಗಸು, ಹಲಗೆಯ ನಡುವೆ ಕೈ ಮಡಿಲಲ್ಲಿಟ್ಟು ಕೂತಿದ್ದಳು. ರವಾನೆಯವನೊಬ್ಬ ಅವಳ ಬೆನ್ನ ಹಿಂದೆ ನಿಂತಿದ್ದ.

‘ಮೇಡಂ, ಲಾರಿ ಕಾಯ್ತಿದೆ. ಆ ಒಂಬತ್ತನ್ನ ಬಿಟ್ಟುಬಿಡಿ ಅಂತ ಗುಣಮಟ್ಟದೋರು ಹೇಳಿದ್ದಾರೆ. ನಕ್ಷೆ ಪ್ರಕಾರ ನೀವು ಅವರ ಕೆಳಗೆ.’

ಅವಳು ತಿರುಗಿ ನೋಡಲಿಲ್ಲ. ‘ಹದಿಮೂರು, ಹದಿನಾಲ್ಕು’ ಎಂದು ಎಣಿಸುತ್ತಿದ್ದಳು. ನಾನು ಕೋಲೂರಿ ನಿಂತು ಉಳಿದದ್ದನ್ನು ಅವಳ ಜೊತೆಯಲ್ಲೇ ಎಣಿಸಿದೆ. ಇಪ್ಪತ್ತಾಯಿತು. ಕುರ್ಚಿ ಕದಲಲಿಲ್ಲ. ಇಳಿದು, ಅದನ್ನು ಲಾರಿಯ ಕಡೆ ತಳ್ಳಿ, ಮುಂದಿನದಕ್ಕೆ ಕೈ ಹಾಕುತ್ತ ಹೇಳಿದಳು:

‘ಅವರನ್ನೇ ಬಂದು ಕೂರೋಕೆ ಹೇಳಿ.’